ಮಿಶ್ರಕುಲದ ವಾದ್ಯ

ಜಪಾನಿನ ಕೋರ್ಗ್ ಸಂಸ್ಥೆ 1985ರಲ್ಲಿ ಹೊರತಂದ ಡಿಡಬ್ಲ್ಯೂ-8000 ಎಂಬ ಸಿಂಥಸೈಜರು ಮಿಶ್ರಕುಲದ ವಾದ್ಯ. ಅದರ ಸ್ವರ ಹುಟ್ಟುವುದು ಡಿಜಿಟಲ್ ಸ್ಮೃತಿಯಲ್ಲಿ ಅಡಗಿಸಿಟ್ಟ 16 ತರಂಗಾಕೃತಿಗಳಿಂದ; ಆ ಸ್ವರವನ್ನು ತಿದ್ದುವುದು ಮಾತ್ರ ಹಳೆಯ ಅನಲಾಗ್ ಪದ್ಧತಿಯ ಫಿಲ್ಟರು. ಫಿಲ್ಟರನ್ನು ಪೂರ್ತಿ ತೆರೆದಿಟ್ಟು ಕೇಳಿದವರಿಗೆ ಅದು ತಗಡಿನ ದನಿಯೆನಿಸಿದರೆ ಆಶ್ಚರ್ಯವಿಲ್ಲ. ಮೆಲ್ಲನೆ ಮುಚ್ಚುತ್ತ ಬಂದಂತೆ ಅದೇ ದನಿಗೆ ಮೈ ತುಂಬುತ್ತದೆ; ಕೊಳ್ಳುವವರು ಕಿವಿಗೊಡಬೇಕಾದದ್ದು ಅಲ್ಲಿ.

ಹೆಸರಾಂತ ಅನಲಾಗ್ ವಾದ್ಯಗಳಿಗಿಂತ ಇದು ಅಗ್ಗವಾಗಿರುವುದಕ್ಕೆ ಕಾರಣವಿಲ್ಲದಿಲ್ಲ. ಮುಖಫಲಕದಲ್ಲಿ ತಿರುಗಿಸಲು ಗುಂಡಿಗಳ ಸಾಲಿಲ್ಲ. ಒಂದೊಂದು ಗುಣವನ್ನೂ ಅದರ ಸಂಖ್ಯೆಯಿಂದ ಕರೆದು ತಿದ್ದಬೇಕು; ಬೇಸರದ ಕೆಲಸವೇ ಸರಿ.

ಅದಕ್ಕಿಂತ ದೊಡ್ಡ ಅಪಾಯ ಒಳಗಿನ ಪುಟ್ಟ ಬ್ಯಾಟರಿಯದು. ಅದರ ಶಕ್ತಿ ಉಡುಗಿದೊಡನೆ, ಒಡೆಯರು ವರ್ಷಗಟ್ಟಲೆ ಹದಗೊಳಿಸಿಟ್ಟ 64 ನಾದಗಳೂ ಅಳಿಸಿಹೋಗುತ್ತವೆ. ಮೊದಲೇ ಕ್ಯಾಸೆಟ್ಟಿಗೋ, ಮಿಡಿ ತಂತಿಯ ಮೂಲಕ ಕಂಪ್ಯೂಟರಿಗೋ ಇಳಿಸಿಟ್ಟವರು ಹೊಸ ಬ್ಯಾಟರಿ ಹಾಕಿಸಿ ಅವನ್ನು ಮರಳಿ ತುಂಬಬಹುದು. ಉಳಿದವರಿಗೆ ಆ ಶ್ರಮವೆಲ್ಲ ನೀರಿನಲ್ಲಿ ಹೋಮ.

ಬೆಲೆ ಮಾತನಾಡುವ ಮುನ್ನ 61 ಕೀಲಿಗಳನ್ನೂ ಒಂದೊಂದಾಗಿ ಒತ್ತಿ ನೋಡುವುದು ಲೇಸು. ಬಳಿಕ ಎಂಟನ್ನು ಒಟ್ಟಿಗೆ ಒತ್ತಬೇಕು. ಏಳೇ ನುಡಿದರೆ, ರಿಪೇರಿಯ ಖರ್ಚನ್ನು ಬೆಲೆಯಲ್ಲಿ ಕಳೆದೇ ಹಣ ಎಣಿಸಬೇಕು.