ಬೀದಿ ಯಾರದೆಂದು ಕೇಳಿದ ಮಕ್ಕಳು

ನಮ್ಮ ಯಾವುದೇ ನಗರದ ಶಾಲೆಯ ಗೇಟಿನ ಮುಂದೆ ಬೆಳಗಿನ ಹೊತ್ತು ಹತ್ತು ನಿಮಿಷ ನಿಂತು ನೋಡಿ. ಸ್ಕೂಟರು, ಕಾರು, ಆಟೋ, ವ್ಯಾನುಗಳು ಒಂದಕ್ಕೊಂದು ಮೂತಿ ತಾಗಿಸಿಕೊಂಡು ನಿಂತಿರುತ್ತವೆ. ಹಾರನ್ನಿನ ಗಲಾಟೆಯಲ್ಲಿ ಪ್ರಾರ್ಥನೆಯ ಗಂಟೆಯೂ ಕೇಳಿಸುವುದಿಲ್ಲ. ‘ಮನೆ ಒಂದೇ ಕಿಲೋಮೀಟರು ದೂರವಲ್ಲವೇ, ಮಗುವನ್ನು ನಡೆಸಿಯೇ ಕಳಿಸಬಹುದಲ್ಲ?’ ಎಂದು ಯಾರಾದರೂ ತಂದೆಯನ್ನು ಕೇಳಿದರೆ, ‘ಈ ಟ್ರಾಫಿಕ್ಕಿನಲ್ಲೇ?’ ಎಂಬ ಉತ್ತರ ಬರುತ್ತದೆ. ಉತ್ತರವೇನೋ ಸರಿಯೇ. ಆದರೆ ಆ ಟ್ರಾಫಿಕ್ಕಿನಲ್ಲಿ ಅವರ ಸ್ಕೂಟರೂ ಸೇರಿದೆ. ರಸ್ತೆ ಅಪಾಯವೆಂದು ಮಕ್ಕಳನ್ನು ವಾಹನದಲ್ಲಿ ಕಳಿಸುತ್ತೇವೆ. ಎಲ್ಲರೂ ಹಾಗೆ ಕಳಿಸುವುದರಿಂದಲೇ ರಸ್ತೆಯ ಅಪಾಯ ಹೆಚ್ಚುತ್ತದೆ. ಹನಿಗೂಡಿದರೆ ಹಳ್ಳ ಎಂಬ ಗಾದೆ ವಾಹನಗಳಿಗೂ ಸಲ್ಲುತ್ತದೆ. ಬೆಂಗಳೂರೊಂದರಲ್ಲೇ ನೋಂದಾಯಿತ ವಾಹನಗಳ ಸಂಖ್ಯೆ ಈಗ ಒಂದು ಕೋಟಿ ದಾಟಿದೆ.

ಈ ಗಂಟನ್ನು ಬಿಚ್ಚುವುದು ಹೇಗೆ? ರಸ್ತೆ ಅಗಲ ಮಾಡಿ, ಮೇಲ್ಸೇತುವೆ ಕಟ್ಟಿ ಎನ್ನುವುದು ನಮಗೆ ಅಭ್ಯಾಸವಾಗಿರುವ ಉತ್ತರ. ಇನ್ನೊಂದು ಉತ್ತರವೂ ಇದೆ. ಅದನ್ನು ಐವತ್ತು ವರ್ಷಗಳ ಹಿಂದೆ ಕೇಳಿ ಪಡೆದವರಲ್ಲಿ ಶಾಲಾ ಮಕ್ಕಳೂ ಇದ್ದರು ಎಂಬ ಕಾರಣಕ್ಕೆ ಆ ಕಥೆಯನ್ನು ಇಲ್ಲಿ ಹೇಳಬೇಕೆನಿಸಿತು.

ಕೆಡವಬೇಕೆಂದಿದ್ದ ಬಡಾವಣೆ

ನೆದರ್ಲೆಂಡ್ಸ್ ಎಂದರೆ ಸೈಕಲ್ಲುಗಳ ನಾಡು ಎಂದು ನಾವು ಓದಿದ್ದೇವೆ. ಆ ದೇಶ ಮೊದಲಿನಿಂದ ಇಂದಿನವರೆಗೆ ಹಾಗೆಯೇ ಇತ್ತೆಂದು ಭಾವಿಸಿದರೆ ತಪ್ಪಾಗುತ್ತದೆ. ಎರಡನೆಯ ಮಹಾಯುದ್ಧದ ನಂತರ ಅಲ್ಲಿನವರ ಕೈಯಲ್ಲಿ ಹಣ ಓಡಾಡತೊಡಗಿ, ಕಾರುಗಳು ಹೆಚ್ಚಿ, ಸೈಕಲ್ಲು ಮೂಲೆ ಸೇರತೊಡಗಿತ್ತು. ರಾಜಧಾನಿ ಆಮ್‌ಸ್ಟರ್‌ಡ್ಯಾಂನ ದಕ್ಷಿಣಕ್ಕೆ ‘ಡ ಪೈಪ್’ ಎಂಬ ಬಡಾವಣೆಯಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಟ್ಟಿದ್ದು. ಕಿರಿದಾದ ಉದ್ದುದ್ದ ಬೀದಿಗಳು, ಗೋಡೆಗೆ ಗೋಡೆ ಅಂಟಿದ ಮನೆಗಳು, ನಡುವೆ ಆಲ್ಬರ್ಟ್ ಕೌಪ್ ಎಂಬ ಹೆಸರಾಂತ ಸಂತೆ. ನಮ್ಮ ಹಳೆಯ ಪೇಟೆ ಬೀದಿಗಳನ್ನು ನೆನಪಿಗೆ ತರುವಂಥ ಜಾಗ.

1967ರಲ್ಲಿ ಡೇವಿಡ್ ಯೋಕಿನೆನ್ ಎಂಬ ಅಮೆರಿಕದ ಸಂಚಾರ ತಜ್ಞರು ಒಂದು ಯೋಜನೆ ಮುಂದಿಟ್ಟರು. ನಗರದ ಕಾಲುವೆಯೊಂದನ್ನು ಮುಚ್ಚಿ ಹೆದ್ದಾರಿ ಮಾಡುವುದು, ಡ ಪೈಪ್‌ನಂಥ ಹಳೆಯ ಕಾರ್ಮಿಕರ ಬಡಾವಣೆಗಳನ್ನು ಕೆಡವುವುದು! ಯೋಜನೆ ಕಾಗದದಲ್ಲೇ ಉಳಿಯಿತು. ಆದರೆ ಕಾರುಗಳು ಬರುವುದೇನೂ ನಿಲ್ಲಲಿಲ್ಲ. 1970ರ ಹೊತ್ತಿಗೆ ಡ ಪೈಪ್‌ನ ಬೀದಿಗಳ ಎರಡೂ ಬದಿ ನಿಂತ ಕಾರುಗಳೇ. ಮಧ್ಯದಲ್ಲಿ ಓಡುವ ಕಾರುಗಳು. ಮಕ್ಕಳಿಗೆ ಆಡಲು ಮನೆಯ ಮೆಟ್ಟಿಲಷ್ಟೇ ಉಳಿಯಿತು.

ಬೀದಿಗೆ ಅಡ್ಡ ಕಟ್ಟಿದರು

1971ರಲ್ಲಿ ಆ ಪುಟ್ಟ ದೇಶದಲ್ಲಿ ರಸ್ತೆ ಅಪಘಾತಗಳಿಂದ ಸತ್ತವರು ಸುಮಾರು 3,300 ಮಂದಿ. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಆಗ ಅಲ್ಲಿನ ಜನಸಂಖ್ಯೆ ಸುಮಾರು 1.3 ಕೋಟಿ ಮಾತ್ರ. ಸತ್ತ ಮಕ್ಕಳಲ್ಲೊಬ್ಬಳು ಪತ್ರಕರ್ತ ವಿಕ್ ಲಾಂಗನ್‌ಹಾಫ್ ಅವರ ಮಗಳು. 1972ರಲ್ಲಿ ಅವರು ‘ಡ ಟೇಡ್’ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಅದರ ತಲೆಬರಹವೇ ‘ಮಕ್ಕಳ ಕೊಲೆ ನಿಲ್ಲಿಸಿ’ ಎಂದು. ಅದೇ ಹೆಸರಿನಲ್ಲಿ ತಂದೆತಾಯಿಗಳ ಚಳವಳಿ ಹುಟ್ಟಿ ದೇಶವೆಲ್ಲ ಹಬ್ಬಿತು.

ಅದೇ ವರ್ಷ ಡ ಪೈಪ್‌ನ ಶಾಲೆಯೊಂದರ ಮಕ್ಕಳು ತಾವೇ ಕೆಲಸಕ್ಕಿಳಿದರು. ಮನೆಮನೆಗೆ ಹೋಗಿ ಸಹಿ ಸಂಗ್ರಹಿಸಿದರು. ಯಾವ ಬೀದಿಯಲ್ಲಿ ಕಾರು ಬೇಡ, ಎಲ್ಲಿ ಆಟಕ್ಕೆ ಜಾಗ ಬೇಕು ಎಂದು ಯೋಚಿಸಿ ನಕ್ಷೆ ಬರೆದರು. ಒಂದು ದಿನ ಬೀದಿಗೆ ಅಡ್ಡ ಕಟ್ಟಿ ಆಡಲು ನಿಂತೇಬಿಟ್ಟರು. ಸಿಟ್ಟಿಗೆದ್ದ ದೊಡ್ಡವರು ಅಡ್ಡ ಕಟ್ಟಿದ್ದನ್ನು ಕಿತ್ತು ಹಾಕಿದ್ದೂ ಉಂಟು. ಇದೆಲ್ಲವನ್ನೂ ಡಚ್ ದೂರದರ್ಶನ ಚಿತ್ರೀಕರಿಸಿ ಪ್ರಸಾರ ಮಾಡಿತು. ಮಕ್ಕಳು ಕೇಳಿದ್ದರಲ್ಲಿ ಜಟಿಲವಾದದ್ದೇನೂ ಇರಲಿಲ್ಲ: ಈ ಬೀದಿಯಲ್ಲಿ ನಾವೂ ಇದ್ದೇವೆ, ನಮಗೆಲ್ಲಿ ಜಾಗ?

1973ರ ಕೊನೆಯಲ್ಲಿ ಅರಬ್ ದೇಶಗಳು ತೈಲ ಕೊಡುವುದನ್ನು ನಿಲ್ಲಿಸಿದವು. ಪೆಟ್ರೋಲು ಉಳಿಸಲೆಂದು ಸರ್ಕಾರ ಆ ವರ್ಷದ ನವೆಂಬರ್ 4ರಿಂದ ಕೆಲವು ಭಾನುವಾರಗಳಂದು ಕಾರು ಓಡಿಸುವುದನ್ನೇ ನಿಷೇಧಿಸಿತು. ಖಾಲಿ ರಸ್ತೆಗಳಲ್ಲಿ ಜನ ನಡೆದರು, ಸೈಕಲ್ ತುಳಿದರು. ಕಾರಿಲ್ಲದ ಬೀದಿ ಹೇಗಿರುತ್ತದೆಂದು ಎಲ್ಲರೂ ಕಣ್ಣಾರೆ ಕಂಡಂತಾಯಿತು. 1976ರಲ್ಲಿ ‘ವೋನ್‌ಎರ್ಫ್’ ಎಂಬ ಬಗೆಯ ಬೀದಿಗೆ ಕಾನೂನಿನ ಮಾನ್ಯತೆ ದೊರೆಯಿತು. ‘ವಾಸದ ಅಂಗಳ’ ಎಂದು ಅದರರ್ಥ. ಅಲ್ಲಿ ಬೀದಿಯ ಅಗಲಕ್ಕೂ ಮಕ್ಕಳು ಆಡಬಹುದು. ವಾಹನ ಬರಬಹುದು, ಆದರೆ ನಡಿಗೆಯ ವೇಗದಲ್ಲಿ.

ಸ್ವಲ್ಪ ಲೆಕ್ಕ ಮಾಡೋಣ

ವಿದ್ಯಾರ್ಥಿಗಳೇ, ವೇಗದ ಮೇಲೆ ಇಷ್ಟು ಒತ್ತೇಕೆ ಎಂಬುದಕ್ಕೆ ನಿಮ್ಮ ಭೌತಶಾಸ್ತ್ರದ ಪುಸ್ತಕದಲ್ಲೇ ಉತ್ತರವಿದೆ. ಮಗು ಎದುರಿಗೆ ಬಂದದ್ದನ್ನು ಕಂಡು ಚಾಲಕ ಬ್ರೇಕ್ ಒತ್ತಲು ಒಂದು ಸೆಕೆಂಡು ಬೇಕೆಂದುಕೊಳ್ಳಿ. ಒಣ ರಸ್ತೆ, ಒಳ್ಳೆಯ ಬ್ರೇಕ್ ಇದ್ದಾಗ, ಗಂಟೆಗೆ 30 ಕಿ.ಮೀ. ವೇಗದ ಕಾರು ಸುಮಾರು 13 ಮೀಟರಿನಲ್ಲಿ ನಿಲ್ಲುತ್ತದೆ. 50 ಕಿ.ಮೀ. ವೇಗದ ಕಾರಿಗೆ ಸುಮಾರು 28 ಮೀಟರ್ ಬೇಕು. ಮೊದಲನೆಯ ಕಾರು ನಿಂತ ಜಾಗದಲ್ಲಿ ಎರಡನೆಯ ಕಾರಿನ ಚಾಲಕ ಇನ್ನೂ ಬ್ರೇಕನ್ನೇ ಒತ್ತಿರುವುದಿಲ್ಲ! ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುವುದರಿಂದ ಪೆಟ್ಟಿನ ಬಲವೂ ಹಾಗೆಯೇ ಏರುತ್ತದೆ. ಆಮ್‌ಸ್ಟರ್‌ಡ್ಯಾಂ ನಗರ 2023ರ ಡಿಸೆಂಬರಿನಲ್ಲಿ ತನ್ನ ಬಹುಪಾಲು ಬೀದಿಗಳ ವೇಗಮಿತಿಯನ್ನು 30 ಕಿ.ಮೀ.ಗೆ ಇಳಿಸಿತು.

ಇನ್ನು ಜಾಗದ ಲೆಕ್ಕ. ನಿಂತ ಒಂದು ಕಾರಿಗೆ ಸುಮಾರು 12 ಚದರ ಮೀಟರ್ ಬೇಕು. ಹತ್ತಕ್ಕೆ ಹನ್ನೆರಡು ಅಡಿಯ ಕೋಣೆಗಿಂತ ಚೂರು ಹೆಚ್ಚು. ನಲವತ್ತು ಮಕ್ಕಳು ಬರುವ ಒಂದು ಬಸ್ಸು ನಿಲ್ಲಲು ಮೂರು ಕಾರುಗಳ ಜಾಗ ಸಾಕು. ಅದೇ ಮಕ್ಕಳು ಒಬ್ಬೊಬ್ಬರಾಗಿ ಕಾರಿನಲ್ಲಿ ಬಂದರೆ ನಲವತ್ತು ಕೋಣೆಗಳನ್ನು ಬೀದಿಯಲ್ಲಿ ಹರವಿದಂತೆ. ಡ ಪೈಪ್‌ನಲ್ಲಿ ಈ ಲೆಕ್ಕವನ್ನು ಗಂಭೀರವಾಗಿ ತೆಗೆದುಕೊಂಡರು. 2018ರಲ್ಲಿ ಅಲ್ಲಿ ಭೂಗತ ಮೆಟ್ರೋ ನಿಲ್ದಾಣ ತೆರೆಯಿತು. ಅದೇ ವರ್ಷ ಪಕ್ಕದ ಕಾಲುವೆಯ ಕೆಳಗೆ 600 ಕಾರುಗಳ ನಿಲುಗಡೆ ತಾಣವೂ ಸಿದ್ಧವಾಯಿತು. ಬಳಿಕ ಬೀದಿಬದಿಯ ನೂರಾರು ಪಾರ್ಕಿಂಗ್ ಜಾಗಗಳನ್ನು ತೆಗೆದು ಗಿಡ, ಬೆಂಚು, ಸೈಕಲ್ ನಿಲ್ದಾಣಗಳಿಗೆ ಬಿಟ್ಟರು. ಮೊದಲು ಬದಲಿ ವ್ಯವಸ್ಥೆ, ಆಮೇಲೆ ತೆರವು. ಈ ಕ್ರಮವನ್ನು ನಾವು ಗಮನಿಸಬೇಕು.

ಈಗ ನೆದರ್ಲೆಂಡ್ಸ್‌ನಲ್ಲಿ ಜನ ಸುಮಾರು 1.8 ಕೋಟಿ, ವರ್ಷಕ್ಕೆ ರಸ್ತೆಯಲ್ಲಿ ಸಾಯುವವರು 700ರ ಆಸುಪಾಸು. ಸೀಟ್ ಬೆಲ್ಟು, ಒಳ್ಳೆಯ ಚಿಕಿತ್ಸೆ ಇವುಗಳ ಪಾಲೂ ಇದರಲ್ಲಿದೆ. ಆದರೆ ಬೀದಿಗಳ ವಿನ್ಯಾಸ ಬದಲಾಗದಿದ್ದರೆ ಇಷ್ಟು ಇಳಿಯುತ್ತಿರಲಿಲ್ಲ. ಅಲ್ಲಿನ ಕಾಲುಭಾಗಕ್ಕೂ ಹೆಚ್ಚು ಓಡಾಟ ಇಂದು ಸೈಕಲ್ಲಿನ ಮೇಲೆಯೇ.

ನಮ್ಮ ಗೇಟಿನಲ್ಲಿ

‘ಅದು ಸಮತಟ್ಟಾದ ತಂಪು ದೇಶ, ನಮ್ಮ ಬಿಸಿಲಿಗೆ ಹೊಂದದು’ ಎಂದು ಕೆಲವರು ಹೇಳಬಹುದು. ಮಾತಿನಲ್ಲಿ ನಿಜವಿದೆ. ದೂರದ ಶಾಲೆಗೆ ಬಸ್ಸೇ ಸರಿ. ಆದರೆ ಒಂದು ಕಿಲೋಮೀಟರಿನೊಳಗಿನ ಮಗುವಿಗೆ ಬಿಸಿಲು ಅಡ್ಡಿಯಲ್ಲ. ಕಿತ್ತುಹೋದ ಫುಟ್‌ಪಾತು, ಅದರ ಮೇಲೆ ನಿಂತ ವಾಹನ, ದಾಟಲು ದಾರಿಯಿಲ್ಲದ ವೃತ್ತ, ಇವೇ ಅಡ್ಡಿ. ಇವನ್ನು ಸರಿಪಡಿಸಲು ಮೇಲ್ಸೇತುವೆಯಷ್ಟು ಹಣವೂ ಬೇಡ.

ಆದ್ದರಿಂದ ವಿದ್ಯಾರ್ಥಿಗಳಿಗೆ ಒಂದು ಕೆಲಸ. ಶಿಕ್ಷಕರ ಒಪ್ಪಿಗೆ ಪಡೆದು, ಕಾಂಪೌಂಡಿನ ಒಳಗೇ ನಿಂತು, ಒಂದು ವಾರ ಬೆಳಿಗ್ಗೆ ಅರ್ಧ ಗಂಟೆ ಎಣಿಸಿ: ನಡೆದು ಬಂದವರೆಷ್ಟು, ಸೈಕಲ್ಲಿನವರೆಷ್ಟು, ಬಸ್ಸು, ಆಟೋ, ಸ್ಕೂಟರು, ಕಾರಿನವರೆಷ್ಟು? ವಾಹನದಲ್ಲಿ ಬಂದವರಲ್ಲಿ ಒಂದು ಕಿಲೋಮೀಟರಿನೊಳಗೆ ಮನೆಯಿರುವವರೆಷ್ಟು? ನಿಮ್ಮ ದಾರಿಯ ನಕ್ಷೆ ಬರೆದು ಹೆದರಿಕೆಯಾಗುವ ಜಾಗಗಳಿಗೆ ಕೆಂಪು ಗುರುತು ಹಾಕಿ.

ಪಾಲಕರಿಗೂ ಒಂದು ಮಾತು. ಆ ಪಟ್ಟಿಯನ್ನೂ ನಕ್ಷೆಯನ್ನೂ ಪಾಲಕರ ಸಭೆಯಲ್ಲಿ ಚರ್ಚೆಗೆ ಇಡಿ. ಒಂದೇ ಬೀದಿಯ ಏಳೆಂಟು ಮಕ್ಕಳನ್ನು ಸರದಿಯ ಮೇಲೆ ಒಬ್ಬರೋ ಇಬ್ಬರೋ ದೊಡ್ಡವರು ನಡೆಸಿಕೊಂಡು ಬರಬಹುದು. ಗೇಟಿನಿಂದ ನೂರು ಮೀಟರು ದೂರದಲ್ಲೇ ಮಕ್ಕಳನ್ನು ಇಳಿಸುವುದೆಂದು ಎಲ್ಲರೂ ಸೇರಿ ತೀರ್ಮಾನಿಸಬಹುದು. ಶಾಲೆ ಸೇರುವ ಮತ್ತು ಬಿಡುವ ಹೊತ್ತಿನಲ್ಲಿ ಮುಂದಿನ ಬೀದಿಗೆ ವಾಹನ ಬಾರದಂತೆ ಮಾಡಿರೆಂದು ಸಂಚಾರ ಪೊಲೀಸರನ್ನೂ, ಫುಟ್‌ಪಾತು ಸರಿಪಡಿಸಿರೆಂದು ಪಾಲಿಕೆಯನ್ನೂ ಲಿಖಿತವಾಗಿ ಕೇಳಬಹುದು. ಮನವಿಯ ಜೊತೆ ಮಕ್ಕಳು ಎಣಿಸಿದ ಅಂಕಿಗಳನ್ನೂ ಇಡಿ. ಅಂಕಿಗಳಿರುವ ಮನವಿಯನ್ನು ಸುಲಭವಾಗಿ ಪಕ್ಕಕ್ಕೆ ಸರಿಸಲಾಗುವುದಿಲ್ಲ. ಮೊದಲ ಮನವಿಗೆ ಉತ್ತರ ಬಾರದಿದ್ದರೆ ಎರಡನೆಯದನ್ನು ಬರೆಯಿರಿ. ಡ ಪೈಪ್‌ನ ಬೀದಿಗಳೂ ಒಂದೇ ವರ್ಷದಲ್ಲಿ ಬದಲಾಗಲಿಲ್ಲ.