ರೇಡಾರ್ ತಾಗಿ ರಾಕೆಟ್ ಹಾರಿತೇ? ಯುದ್ಧನೌಕೆಯ ಒಂದು ಕಥೆ ಮತ್ತು ಅದರ ಹಿಂದಿನ ನಿಜ

'ಹಡಗಿನ ರೇಡಾರ್ ಕಿರಣ ತಾಗಿದ್ದಕ್ಕೆ ವಿಮಾನದಲ್ಲಿದ್ದ ರಾಕೆಟ್ ತಾನಾಗಿಯೇ ಹಾರಿತು, 134 ಜನ ಸತ್ತರು. ರೇಡಿಯೋ ತರಂಗಕ್ಕೆ ಇಷ್ಟು ಶಕ್ತಿ ಇದೆ ಅಂದಮೇಲೆ ನಿಮ್ಮ ಜೇಬಿನ ಮೊಬೈಲ್ ಇನ್ನೇನು ಮಾಡೀತು ಯೋಚಿಸಿ!' ಈ ಧಾಟಿಯ ಮಾತು ನಿಮ್ಮ ಫೋನಿಗೂ ಬಂದಿರಬಹುದು.

ಇದರಲ್ಲಿ ಸತ್ತವರ ಸಂಖ್ಯೆ ನಿಜ. ಹಡಗೂ ನಿಜ: ಅಮೆರಿಕದ ವಿಮಾನವಾಹಕ ನೌಕೆ ಯುಎಸ್‌ಎಸ್ ಫಾರೆಸ್ಟಲ್. ದಿನಾಂಕ 1967ರ ಜುಲೈ 29, ಜಾಗ ವಿಯೆಟ್ನಾಂ ಪಕ್ಕದ ಟಾಂಕಿನ್ ಕೊಲ್ಲಿ. ಆದರೆ ರಾಕೆಟ್ ಹಾರಿದ್ದು ರೇಡಾರ್‌ನಿಂದಲೇ? ಅದನ್ನು ನೋಡುವ ಮೊದಲು, ಒಂದು ಯಂತ್ರದ ತರಂಗ ಇನ್ನೊಂದು ಯಂತ್ರವನ್ನು ಕೆಡಿಸುವುದು ಹೇಗೆ ಎಂದು ತಿಳಿದುಕೊಳ್ಳೋಣ.

ಇದನ್ನು ನಾವೆಲ್ಲ ಕಿವಿಯಾರೆ ಕೇಳಿದ್ದೇವೆ. 2ಜಿ ಕಾಲದಲ್ಲಿ ಸ್ಪೀಕರ್ ಪಕ್ಕ ಫೋನ್ ಇಟ್ಟರೆ, ಕರೆ ಬರುವ ಒಂದೆರಡು ಕ್ಷಣ ಮೊದಲೇ 'ಟರ್ರ್ ಟರ್ರ್' ಎಂದು ಸದ್ದು ಬರುತ್ತಿತ್ತಲ್ಲ, ಅದೇ. ಆ ಫೋನ್‌ಗಳು ತರಂಗವನ್ನು ಒಂದೇ ಸಮನೆ ಕಳಿಸದೆ ಸೆಕೆಂಡಿಗೆ ಸುಮಾರು 217 ತುಣುಕುಗಳಾಗಿ ಕಳಿಸುತ್ತಿದ್ದವು. ಸ್ಪೀಕರಿನ ತಂತಿ ಅದನ್ನು ಆಂಟೆನಾದಂತೆ ಹಿಡಿದು ಸದ್ದಾಗಿ ಕೇಳಿಸುತ್ತಿತ್ತು. ಫೋನೂ ಕೆಟ್ಟಿರಲಿಲ್ಲ, ಸ್ಪೀಕರೂ ಕೆಟ್ಟಿರಲಿಲ್ಲ. ಇಬ್ಬರಿಗೂ ಹೊಂದಿಕೆಯಾಗಲಿಲ್ಲ, ಅಷ್ಟೆ.

ಈ ಹೊಂದಿಕೆಯನ್ನು ಸಾಧಿಸುವ ಎಂಜಿನಿಯರಿಂಗ್‌ಗೆ 'ವಿದ್ಯುತ್ಕಾಂತೀಯ ಹೊಂದಾಣಿಕೆ' ಅಥವಾ ಚಿಕ್ಕದಾಗಿ ಇಎಂಸಿ ಎನ್ನುತ್ತಾರೆ. ವಠಾರದಲ್ಲಿ ಬದುಕಿದವರಿಗೆ ಇದು ಹೊಸದೇನಲ್ಲ. ನಮ್ಮ ಟಿವಿಯ ಸದ್ದು ಪಕ್ಕದ ಮನೆಗೆ ತೊಂದರೆ ಕೊಡಬಾರದು. ಪಕ್ಕದ ಮನೆಯ ಮಿಕ್ಸಿ ಸದ್ದಿಗೆ ನಾವೂ ಎಗರಾಡಬಾರದು. ಯಂತ್ರಗಳಿಗೂ ಇದೇ ಎರಡು ನಿಯಮ.

ಹಡಗೆಂಬ ಇಕ್ಕಟ್ಟಿನ ವಠಾರ

ಈ ಕೆಲಸ ಅತ್ಯಂತ ಕಷ್ಟವಾಗುವ ಜಾಗಗಳಲ್ಲಿ ಯುದ್ಧನೌಕೆಯೂ ಒಂದು. ಸುಮಾರು 160 ಮೀಟರ್ ಉದ್ದದ ಒಂದು ಡೆಸ್ಟ್ರಾಯರ್ ಮೇಲೆ ಹಲವು ರೇಡಾರ್‌ಗಳು, ದೂರಸಂಪರ್ಕದ ಆಂಟೆನಾಗಳು, ಉಪಗ್ರಹ ಸಂಪರ್ಕ, ಶತ್ರುವಿನ ರೇಡಾರ್ ಸದ್ದನ್ನು ಕದ್ದು ಕೇಳುವ ಉಪಕರಣ, ಹೆಲಿಕಾಪ್ಟರ್, ಮದ್ದುಗುಂಡು ಎಲ್ಲವೂ ಒತ್ತೊತ್ತಾಗಿ ಇರುತ್ತವೆ. ದೊಡ್ಡ ರೇಡಾರ್ ಒಂದು ಮಿಡಿತದಲ್ಲಿ ಹೊರಹಾಕುವ ಶಕ್ತಿ ಮೆಗಾವ್ಯಾಟ್ ಮಟ್ಟಕ್ಕೂ ಹೋಗಬಹುದು. ಅದರ ಪಕ್ಕದಲ್ಲೇ ಕೂತ ಜಿಪಿಎಸ್ ಆಂಟೆನಾ ಹಿಡಿಯಬೇಕಾದ ಸಂಕೇತವೋ, ಒಂದು ವ್ಯಾಟ್‌ನ ಲಕ್ಷ ಕೋಟಿ ಪಾಲಿನಲ್ಲಿ ಒಂದು ಪಾಲಿಗಿಂತಲೂ ಚಿಕ್ಕದು. ಪಟಾಕಿ ಅಂಗಡಿಯಲ್ಲಿ ನಿಂತು ಪಿಸುಮಾತು ಕೇಳಿಸಿಕೊಂಡ ಹಾಗೆ.

ಇನ್ನೊಂದು ಶತ್ರು ತುಕ್ಕು. ನಮಗೆ ಈ ವಿಷಯದಲ್ಲಿ ಅತಿ ಸ್ವಾರಸ್ಯ ಅನ್ನಿಸಿದ್ದು ಇದೇ. ಕಾರವಾರ, ಉಡುಪಿ ಕಡೆಯವರಿಗೆ ಗೊತ್ತು, ಉಪ್ಪುಗಾಳಿಗೆ ಬೈಕಿನ ನಟ್ಟು ಎಷ್ಟು ಬೇಗ ತುಕ್ಕು ಹಿಡಿಯುತ್ತದೆ ಎಂದು. ಹಡಗಿಗೆ ಅದು ದಿನದ ಪಾಡು. ಎರಡು ಲೋಹಗಳ ನಡುವೆ ತುಕ್ಕಿನ ತೆಳು ಪದರ ಸೇರಿಕೊಂಡರೆ, ಆ ಜೋಡಣೆ ಒಂದು ಒರಟು ಡಯೋಡ್‌ನಂತೆ ವರ್ತಿಸಬಹುದು. ಅಂದರೆ ವಿದ್ಯುತ್ತನ್ನು ಒಂದು ದಿಕ್ಕಿಗೆ ಹೆಚ್ಚು ಸಲೀಸಾಗಿ ಬಿಡುತ್ತದೆ. ಹಳೆಯ ಕಾಲದ, ಬ್ಯಾಟರಿ ಇಲ್ಲದ ಕ್ರಿಸ್ಟಲ್ ರೇಡಿಯೋ ಕೆಲಸ ಮಾಡುತ್ತಿದ್ದುದು ಇಂಥದೇ ಗುಣದಿಂದ.

ಹೀಗಾದಾಗ ಏನಾಗುತ್ತದೆ? ಹಡಗು 5 ಮೆಗಾಹರ್ಟ್ಸ್ ಮತ್ತು 7 ಮೆಗಾಹರ್ಟ್ಸ್‌ನಲ್ಲಿ ಏಕಕಾಲಕ್ಕೆ ಸಂದೇಶ ಕಳಿಸುತ್ತಿದೆ ಎಂದುಕೊಳ್ಳಿ. ತುಕ್ಕು ಹಿಡಿದ ಒಂದು ಸರಪಳಿ ಅವೆರಡನ್ನೂ ಬೆರೆಸಿ, ಯಾರೂ ಕಳಿಸದ 2, 3, 9, 12 ಮೆಗಾಹರ್ಟ್ಸ್‌ಗಳಲ್ಲಿ ಹೊಸ ಗದ್ದಲ ಹುಟ್ಟಿಸುತ್ತದೆ. 9 ಮೆಗಾಹರ್ಟ್ಸ್‌ನಲ್ಲಿ ದೂರದ ಹಡಗಿನ ದನಿಗಾಗಿ ಕಾಯುತ್ತಿದ್ದವನಿಗೆ ಕೇಳುವುದು ತನ್ನದೇ ಸರಪಳಿಯ ಕಿರಿಕಿರಿ! ಎಂಜಿನಿಯರ್‌ಗಳು ಇದನ್ನು 'ತುಕ್ಕು ಬೋಲ್ಟ್ ಪರಿಣಾಮ' ಎಂದೇ ಕರೆಯುತ್ತಾರೆ. ಪರಿಹಾರವೂ ಅಷ್ಟೇ ಸರಳ: ಜೋಡಣೆಗಳನ್ನು ಉಜ್ಜಿ ಶುಚಿ ಮಾಡುವುದು, ಲೋಹದ ಪಟ್ಟಿಯಿಂದ ಭದ್ರವಾಗಿ ಬೆಸೆಯುವುದು, ಅಂಚಿನಲ್ಲಿ ಕಟ್ಟುವ ಲೋಹದ ತಂತಿಯ ಬದಲು ಲೋಹವಲ್ಲದ ಹಗ್ಗ ಬಳಸುವುದು. ಕೋಟಿಗಟ್ಟಲೆ ಬೆಲೆಯ ರೇಡಿಯೋದ ಹಣೆಬರಹ ಉಜ್ಜುವ ಬ್ರಶ್ ಹಿಡಿದ ನಾವಿಕನ ಕೈಯಲ್ಲಿರುತ್ತದೆ.

ಫಾರೆಸ್ಟಲ್‌ನಲ್ಲಿ ಆದದ್ದು

ಈಗ ಆ ರಾಕೆಟ್ ಕಥೆಗೆ ಬರೋಣ. ಇದು ವಾಟ್ಸ್ಆ್ಯಪ್‌ನಲ್ಲಿ ಹುಟ್ಟಿದ ಕಥೆಯಲ್ಲ. 1995ರಲ್ಲಿ ನಾಸಾ ಪ್ರಕಟಿಸಿದ ಒಂದು ವರದಿಯಲ್ಲೇ ಇದೆ: ಹಡಗಿಗೆ ಇಳಿಯುತ್ತಿದ್ದ ವಿಮಾನದ ಮೇಲೆ ರೇಡಾರ್ ಕಿರಣ ಬಿತ್ತು, ಕೇಬಲ್‌ನ ರಕ್ಷಾಕವಚ ಸಡಿಲವಾಗಿತ್ತು, ಆಯುಧ ಹೊರಬಿತ್ತು ಎಂದು. ಮುಂದೆ ಇದು ಇಎಂಸಿ ಪಾಠಗಳಲ್ಲಿ ಹೆಸರಾಂತ ಉದಾಹರಣೆಯೇ ಆಯಿತು. ಫಾರ್ವರ್ಡ್ ಮಾಡುವ ಚಟ ನಮಗೊಬ್ಬರಿಗೇ ಇಲ್ಲ!

ಆದರೆ ಅಮೆರಿಕದ ನೌಕಾಪಡೆಯ ತನಿಖೆ ಹೇಳಿದ್ದು ಬೇರೆ. ಆ ವಿಮಾನ ಇಳಿಯುತ್ತಿರಲಿಲ್ಲ. ಫ್ಯಾಂಟಮ್ ಎಂಬ ಆ ಯುದ್ಧವಿಮಾನ ಹಾರಾಟಕ್ಕೆ ಸಿದ್ಧವಾಗಿ ಡೆಕ್ ಮೇಲೆಯೇ ನಿಂತಿತ್ತು. ಹೊರಗಿನ ವಿದ್ಯುತ್ತಿನಿಂದ ವಿಮಾನದ ಸ್ವಂತ ವಿದ್ಯುತ್ತಿಗೆ ಬದಲಿಸುವ ಕ್ಷಣದಲ್ಲಿ ಒಂದು ಸರ್ಜ್, ಅಂದರೆ ವಿದ್ಯುತ್ತಿನ ದಿಢೀರ್ ಏರಿಕೆ, ಆಯಿತು. ರೆಕ್ಕೆಯಡಿಯ 'ಜೂನಿ' ರಾಕೆಟ್ ಹಾರಿ, ಡೆಕ್ ದಾಟಿ, ಎದುರಿನ ಸ್ಕೈಹಾಕ್ ವಿಮಾನದ ಇಂಧನ ಟ್ಯಾಂಕ್ ಒಡೆಯಿತು. ಬೆಂಕಿ ಹೊತ್ತಿತು. ಒಂದೂವರೆ ನಿಮಿಷದಲ್ಲೇ ಹಳೆಯ ದಾಸ್ತಾನಿನ ಬಾಂಬ್‌ಗಳು ಸಿಡಿಯತೊಡಗಿದವು. ಬೆಂಕಿ ಆರಿಸಲು ಓಡಿಬಂದವರೇ ಮೊದಲು ಬಲಿಯಾದರು. 134 ಸಾವು, 161 ಮಂದಿಗೆ ಗಾಯ, 21 ವಿಮಾನಗಳು ನಾಶ. ಮುಂದೆ ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದ ಜಾನ್ ಮೆಕೇನ್ ಅಂದು ಅಲ್ಲಿದ್ದ ಪೈಲಟ್‌ಗಳಲ್ಲಿ ಒಬ್ಬರು, ಬದುಕಿ ಬಂದರು.

ಸರ್ಜ್ ಆದರೂ ರಾಕೆಟ್ ಹಾರದಂತೆ ತಡೆಯಲು ಎರಡು ಬೀಗಗಳಿದ್ದವು. ಒಂದು ಸುರಕ್ಷಾ ಪಿನ್. ಇನ್ನೊಂದು, ರಾಕೆಟ್‌ಗೆ ವಿದ್ಯುತ್ ಕೊಡುವ ಪ್ಲಗ್ಗನ್ನು ವಿಮಾನ ಹಾರಲು ಅಣಿಯಾಗಿ ಕೆಟಪಲ್ಟ್ ಮೇಲೆ ಬಂದ ನಂತರವೇ ಚುಚ್ಚಬೇಕೆಂಬ ನಿಯಮ. ಅಂದು ಪಿನ್ ಇರಬೇಕಾದಲ್ಲಿ ಇರಲಿಲ್ಲ. ಹಾರಾಟ ತಡವಾಗಬಾರದೆಂದು ಪ್ಲಗ್ಗನ್ನೂ ಮೊದಲೇ ಚುಚ್ಚಲಾಗಿತ್ತು.

ಹಾಗಾದರೆ ಇದಕ್ಕೂ ಇಎಂಸಿಗೂ ಸಂಬಂಧವೇ ಇಲ್ಲವೇ? ಇದೆ. ತಂತಿಯೊಳಗೆ ಹರಿದುಬರುವ ಸರ್ಜ್ ಕೂಡ ಅದೇ ಶಾಸ್ತ್ರಕ್ಕೆ ಸೇರಿದ ಸಮಸ್ಯೆ. ಆದರೆ ಗಾಳಿಯಲ್ಲಿ ಬಂದ ರೇಡಾರ್ ಎಂದು ನಂಬಿದವನು ರೇಡಾರ್ ಆರಿಸಿ ನಿಶ್ಚಿಂತೆಯಾಗಿರುತ್ತಾನೆ, ಪಿನ್ ಕಡೆ ನೋಡುವುದೇ ಇಲ್ಲ. ಕಾರಣ ತಪ್ಪಾದರೆ ಎಚ್ಚರಿಕೆಯೂ ತಪ್ಪು ಕಡೆಗೆ ಹೋಗುತ್ತದೆ. ನಮ್ಮ ತಕರಾರು ಇಷ್ಟೇ.

ರೇಡಾರ್‌ನಿಂದ ಮದ್ದುಗುಂಡಿಗೆ ಅಪಾಯವೇ ಇಲ್ಲ ಎಂದು ಇದರ ಅರ್ಥವಲ್ಲ. ವಿದ್ಯುತ್ತಿನಿಂದ ಸಿಡಿಯುವ ಅನೇಕ ಆಯುಧಗಳಲ್ಲಿ ಕೂದಲೆಳೆಯಂಥ ತಂತಿಯೊಂದು ಬಿಸಿಯಾಗಿ ಮದ್ದಿಗೆ ಕಿಡಿ ಕೊಡುತ್ತದೆ. ಅದಕ್ಕೆ ಹೋಗುವ ವೈರು ಪ್ರಬಲ ತರಂಗವನ್ನು ಹಿಡಿದರೆ ಆ ತಂತಿ ಬಿಸಿಯಾಗಬಹುದು. ಹಾಗಾಗಿಯೇ ವೈರುಗಳಿಗೆ ಲೋಹದ ಕವಚ, ಫಿಲ್ಟರ್ ಹಾಕುತ್ತಾರೆ. ಎರಡೆರಡು ವೈರುಗಳನ್ನು ಜಡೆಯಂತೆ ಹೆಣೆಯುತ್ತಾರೆ, ಆಗ ಪ್ರತಿ ಸುತ್ತಿನಲ್ಲಿ ಹುಟ್ಟಿದ ಅಡಚಣೆಯನ್ನು ಮುಂದಿನ ಸುತ್ತು ಅಳಿಸುತ್ತದೆ. ನಿಮ್ಮ ಮನೆಯ ಇಂಟರ್ನೆಟ್ ಕೇಬಲ್ ಒಳಗೂ ಇದೇ ಜಡೆ ಇದೆ. ಆಯುಧ ತುಂಬುವಾಗ ಕೆಲವು ಟ್ರಾನ್ಸ್‌ಮಿಟರ್‌ಗಳನ್ನು ಆರಿಸುವುದು ನೌಕಾಪಡೆಗಳಲ್ಲಿ ಇಂದಿಗೂ ನಿಯಮ.

ಶೆಫೀಲ್ಡ್: ಕುರುಡಾದ ಕಿವಿ

ತರಂಗದ ಅಡಚಣೆ ನಿಜಕ್ಕೂ ಪಾತ್ರ ವಹಿಸಿದ ದುರಂತ ಬೇಕೆಂದರೆ 1982ರ ಮೇ 4ಕ್ಕೆ ಹೋಗಬೇಕು. ಫಾಕ್‌ಲ್ಯಾಂಡ್ ಯುದ್ಧದಲ್ಲಿ ಅರ್ಜೆಂಟೀನಾದ ವಿಮಾನ ಬಿಟ್ಟ ಎಕ್ಸೊಸೆಟ್ ಕ್ಷಿಪಣಿ ಬ್ರಿಟನ್ನಿನ ಎಚ್‌ಎಂಎಸ್ ಶೆಫೀಲ್ಡ್‌ಗೆ ಬಡಿಯಿತು. 20 ಮಂದಿ ಸತ್ತರು, ಮೇ 10ರಂದು ಹಡಗು ಮುಳುಗಿತು. ದಾಳಿಯ ಹೊತ್ತಿನಲ್ಲಿ ಹಡಗು ಉಪಗ್ರಹ ಸಂಪರ್ಕದಲ್ಲಿತ್ತು. ಆ ಪ್ರಸಾರ, ಶತ್ರು ರೇಡಾರ್ ಸದ್ದನ್ನು ಹಿಡಿಯಬೇಕಿದ್ದ ಉಪಕರಣಕ್ಕೆ ಅಡ್ಡಿ ಮಾಡಿತ್ತು.

'ಒಂದು ಫೋನ್ ಕರೆ ಹಡಗನ್ನೇ ಮುಳುಗಿಸಿತು' ಎಂದು ಇದನ್ನೂ ಒಂದೇ ಸಾಲಿಗೆ ಇಳಿಸುವವರಿದ್ದಾರೆ. ತನಿಖಾ ವರದಿ ಓದಿದರೆ ಚಿತ್ರ ಬೇರೆ. ಪಕ್ಕದ ಎಚ್‌ಎಂಎಸ್ ಗ್ಲಾಸ್ಗೋ ಅಪಾಯವನ್ನು ಗುರುತಿಸಿ ಎಚ್ಚರಿಸಿತ್ತು. ಶೆಫೀಲ್ಡ್‌ನಲ್ಲಿ ವಾಯುರಕ್ಷಣೆಯ ಅಧಿಕಾರಿ ಕಾರ್ಯಾಚರಣೆ ಕೊಠಡಿಯಲ್ಲಿ ಇರಲಿಲ್ಲ. ಕ್ಷಿಪಣಿಯ ದಾರಿ ತಪ್ಪಿಸುವ ಲೋಹದ ಎಳೆಗಳನ್ನು ಹಾರಿಸಲೇ ಇಲ್ಲ. ಒಂದು ಕಿವಿ ಮುಚ್ಚಿದ್ದು ಹೌದು. ಉಳಿದ ಕಣ್ಣು ಕಿವಿಗಳೂ ಎಚ್ಚರವಾಗಿರಲಿಲ್ಲ.

ಮತ್ತೆ ನಮ್ಮ ಜೇಬಿಗೆ

4ಜಿ ಫೋನ್ ಹೊರಹಾಕುವ ಶಕ್ತಿ ಹೆಚ್ಚೆಂದರೆ ಸುಮಾರು 0.2 ವ್ಯಾಟ್. ಮೆಗಾವ್ಯಾಟ್ ರೇಡಾರ್‌ಗೆ ಇದನ್ನು ಹೋಲಿಸುವುದೇ ತಪ್ಪು. ಪೆಟ್ರೋಲ್ ಬಂಕ್‌ನಲ್ಲಿ ಹೆಚ್ಚು ಭಯಪಡಬೇಕಾದದ್ದು ಸ್ಥಿರ ವಿದ್ಯುತ್ತಿನ ಕಿಡಿಗೆ. ಫೋನ್ ಜೇಬಿಗಿಟ್ಟು, ಪ್ಲಾಸ್ಟಿಕ್ ಕ್ಯಾನಿಗೆ ಪೆಟ್ರೋಲ್ ತುಂಬಿಸಿಕೊಳ್ಳುವವರು ಎಚ್ಚರಿಕೆಯನ್ನು ತಪ್ಪು ಕಡೆ ಇಟ್ಟವರೇ. ಬಂಕ್‌ನ ನಿಯಮ ಮಾತ್ರ ಪಾಲಿಸಿ. ಅಲ್ಲಿ ಗಮನ ಫೋನಿನ ಮೇಲಿರುವುದೂ ಒಳ್ಳೆಯದಲ್ಲ.

ಫೋನಿನ ವಿಷಯದಲ್ಲಿ ನಿಜವಾಗಿ ದೂರ ಕಾಯ್ದುಕೊಳ್ಳಬೇಕಾದವರು ಎದೆಯಲ್ಲಿ ಪೇಸ್‌ಮೇಕರ್ ಅಥವಾ ಅಂಥ ಉಪಕರಣ ಇರುವವರು. ಫೋನನ್ನು ಅದರಿಂದ ಕನಿಷ್ಠ 15 ಸೆಂಟಿಮೀಟರ್ ದೂರ ಇಡಬೇಕು ಎನ್ನುತ್ತದೆ ಅಮೆರಿಕದ ಎಫ್‌ಡಿಎ. ನಿಮ್ಮ ಮನೆಯಲ್ಲಿ ಅಜ್ಜನಿಗೋ ಅತ್ತೆಗೋ ಪೇಸ್‌ಮೇಕರ್ ಇದ್ದರೆ ಫೋನನ್ನು ಅಂಗಿಯ ಎದೆ ಜೇಬಿನಲ್ಲಿ, ಇಲ್ಲವೇ ರವಿಕೆಯೊಳಗಿನ ಪರ್ಸಿನಲ್ಲಿ ಇಟ್ಟುಕೊಳ್ಳಬೇಡಿ ಎನ್ನಿ. ಉಪಕರಣ ಎಡಕ್ಕಿದ್ದರೆ ಮಾತಾಡುವಾಗ ಬಲಗಿವಿ.