ಸ್ಕೂಟರಿಗೆ ಯಾವ ಆಯಿಲ್?

ಮಗಳು ಕಾಲೇಜಿಗೆ ಹೋಗುವುದು ಗೇರಿಲ್ಲದ ಫೋರ್ ಸ್ಟ್ರೋಕ್ ಸ್ಕೂಟರಿನಲ್ಲಿ, ಅಪ್ಪ ಆಫೀಸಿಗೆ ಹೋಗುವುದು ಬೈಕಿನಲ್ಲಿ. ಸ್ಕೂಟರಿಗೆ ಹಾಕಿ ಉಳಿದ ಆಯಿಲನ್ನು ಬೈಕಿಗೆ ಸುರಿದರೆ ಉಳಿತಾಯವಲ್ಲವೇ? ಅಲ್ಲ.

ಸಾಮಾನ್ಯವಾಗಿ ಬೈಕಿನ ಕ್ಲಚ್ ಎಂಜಿನ್ ಆಯಿಲಿನಲ್ಲೇ ನೆನೆದಿರುತ್ತದೆ. ಆಯಿಲಿನ ಜಾರುಗುಣ ಅತಿಯಾದರೆ ಕ್ಲಚ್ಚಿನ ಹಿಡಿತ ತಪ್ಪುತ್ತದೆ. ಎಂಜಿನ್ ಎಷ್ಟು ಕೂಗಿದರೂ ಗಾಡಿ ಏರು ಹತ್ತದು. ಅದಕ್ಕೇ ಬೈಕಿಗೆ 'ಜಾಸೋ ಎಂಎ' ದರ್ಜೆ. ಸ್ಕೂಟರಿನ ಕ್ಲಚ್ ಆಯಿಲಿನಿಂದ ದೂರ, ಬೆಲ್ಟಿನ ಜೊತೆ ಒಣಗಿಯೇ ಇರುತ್ತದೆ. ಆದ್ದರಿಂದ ಅದಕ್ಕೆ ಘರ್ಷಣೆ ತಗ್ಗಿಸುವ 'ಜಾಸೋ ಎಂಬಿ' ಒಗ್ಗುತ್ತದೆ.

ಡಬ್ಬಿಯ ಮೇಲಿನ '10ಡಬ್ಲ್ಯು-30' ಆಯಿಲಿನ ಮಂದತನದ ಗುರುತು. ಮೊದಲ ಅಂಕಿ ಚಳಿಯಲ್ಲಿ ಅದು ಹರಿಯುವ ಬಗೆ ತಿಳಿಸಿದರೆ, ಎರಡನೆಯದು ಎಂಜಿನ್ ಕಾದಾಗಿನ ಮಂದತನ ತಿಳಿಸುತ್ತದೆ. ದುಬಾರಿ ಆಯಿಲ್ ಅಥವಾ ಹೆಚ್ಚು ಮಂದವಾದ ಆಯಿಲ್ ಒಳ್ಳೆಯದೆಂದೇನಿಲ್ಲ. ಗಾಡಿಯ ಕೈಪಿಡಿ ಸೂಚಿಸಿದ್ದೇ ಸರಿ.

ಸಾಮಾನ್ಯ ಸ್ಕೂಟರಿಗೆ ಹಿಡಿಸುವ ಆಯಿಲ್ ಒಂದು ಲೀಟರಿಗೂ ಕಡಿಮೆ. ಅದರಲ್ಲಿ ಕಾಲು ಲೀಟರ್ ಇಂಗಿದರೂ ಎಂಜಿನ್ನಿಗೆ ಕುತ್ತು. ತಿಂಗಳಿಗೆರಡು ಬಾರಿ ಸಮತಟ್ಟು ನೆಲದಲ್ಲಿ ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ, ಅಳತೆಕಡ್ಡಿ ತೆಗೆದು ನೋಡುವ ಕೆಲಸವನ್ನು ಮಕ್ಕಳಿಗೇ ಒಪ್ಪಿಸಬಹುದು. ಎಂಜಿನ್ ಹಿಡಿದುಕೊಂಡ ಮೇಲೆ ಮೆಕ್ಯಾನಿಕ್ ಕೊಡುವ ಬಿಲ್ಲಿನ ಮುಂದೆ ಆಯಿಲಿನ ಖರ್ಚು ಏನೇನೂ ಅಲ್ಲ.